ಸ್ವಂತ ರೊಕ್ಕ ಇದ್ದಷ್ಟು ಸ್ವಂತ ಮಾತು

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರಿನ ನಗರಸಭೆಗಳ ಲೆಕ್ಕ ಶಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಕ್ಯಾಶ್‌ಬುಕ್ ಬರೆದಿದ್ದೇನೆ, ಅನುದಾನದ ಆದೇಶಗಳನ್ನು ಕಡತಕ್ಕೆ ಸೇರಿಸಿದ್ದೇನೆ, ಆಡಿಟ್‌ನವರ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟಿದ್ದೇನೆ. ಹೊಸದಾಗಿ ಗೆದ್ದ ಸದಸ್ಯರು ಈಗಲೂ ಮನೆಗೆ ಬಂದು, ‘ಸರ್ಕಾರದಿಂದ ಇಷ್ಟು ರೊಕ್ಕ ಬರ್ತದ ಅಂತಾರ, ನಮ್ಮ ವಾರ್ಡಿಗೆ ಯಾಕ ಸಿಗಲ್ಲ?’ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಗರಸಭೆಗೆ ಬರುವ ಅನುದಾನದ ಒಂದೊಂದು ರೂಪಾಯಿಗೂ ಮೊದಲೇ ಲೆಕ್ಕಶೀರ್ಷಿಕೆ ನಿಗದಿಯಾಗಿರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ನಾವು ಎಸ್‌ಎಫ್‌ಸಿ ಎನ್ನುವುದು, ವೇತನಕ್ಕೆ ಬೇರೆ, ವಿದ್ಯುತ್ತಿಗೆ ಬೇರೆ, ಮುಕ್ತನಿಧಿ ಬೇರೆ. ವಿದ್ಯುತ್ತಿನ ಪಾಲು ಬೀದಿದೀಪ ಮತ್ತು ನೀರಿನ ಪಂಪುಗಳ ಬಿಲ್ಲಿಗೆಂದು ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಶಿಫಾರಸು ಮಾಡಿದ್ದರಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಗರೋತ್ಥಾನ ಯೋಜನೆಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣಕ್ಕೆ ಅದರದರದೇ ಮಾರ್ಗಸೂಚಿ.

ಆ ಹಣ ಖರ್ಚಾಗುವ ದಾರಿಯೂ ಉದ್ದ. ಸಾಮಾನ್ಯ ಸಭೆಯಲ್ಲಿ ಕ್ರಿಯಾಯೋಜನೆ ಒಪ್ಪಿಗೆಯಾಗಬೇಕು. ಅದು ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಗಳ ಮುಂದೆ ಹೋಗಬೇಕು. ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕೆಲವು ಕಡತಗಳು ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯ ಮುಟ್ಟಿ ಬರಬೇಕು.

ನಾನು ದುಡಿದ ಮೂರು ಊರುಗಳಲ್ಲಿ ಒಂದರ ಒಂದು ಬೇಸಿಗೆ ನನಗೆ ಮರೆಯುವುದಿಲ್ಲ. ನೀರೆತ್ತುವ ಮೋಟಾರು ಸುಟ್ಟಿತ್ತು. ಸ್ವಂತ ನಿಧಿಯ ಪಾಸ್‌ಬುಕ್ಕಿನಲ್ಲಿ ರಿಪೇರಿಗೆ ಆಗುವಷ್ಟೂ ಹಣ ಇರಲಿಲ್ಲ. ಅದೇ ವಾರ ಒಂದು ಓಣಿಯಲ್ಲಿ ಅನುದಾನದ ಗಟಾರ ಕಟ್ಟುತ್ತಿದ್ದರು. ಖಾಲಿ ಕೊಡ ಬಗಲಲ್ಲಿಟ್ಟುಕೊಂಡ ಅಜ್ಜಿಯೊಬ್ಬಳು ಕಚೇರಿಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ‘ಸಾಹೇಬ್ರ, ನಳ ಬಂದು ಎಂಟು ದಿನ ಆಯ್ತು. ಗಟಾರ ಕಟ್ಟಾಕ ರೊಕ್ಕ ಅದ, ಮೋಟಾರ್ ರಿಪೇರಿಗಿ ಇಲ್ಲೇನ್ರೀ?’ ಎಂದಳು. ನಿಯಮದ ಪ್ರಕಾರ ನನ್ನ ಬಳಿ ಉತ್ತರ ಇತ್ತು. ಬಾಯಾರಿದ ಊರಿಗೆ ಅದು ಉತ್ತರವೇ ಅಲ್ಲ. ಹಣ ಇದ್ದೂ ತನ್ನ ಊರಿನ ತುರ್ತಿಗೆ ಕೈ ಹಾಕಲಾಗದ ಸಭೆಯನ್ನು ಜನ ಯಾಕೆ ನಂಬಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನೊಳಗೆ ಉಳಿದಿದೆ.

ಹಾಗಂತ ಸರ್ಕಾರದ ಅಂಕೆಯೇ ಬೇಡ ಎನ್ನಲಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿಡಬೇಕೆಂಬ ಆದೇಶ ಇಲ್ಲದಿದ್ದರೆ ಎಷ್ಟೋ ಕೇರಿಗಳಿಗೆ ದೀಪ, ನಳ, ಸಿ.ಸಿ. ರಸ್ತೆ ಇನ್ನೂ ತಡವಾಗಿ ಬರುತ್ತಿದ್ದವು. ಬಲವಿದ್ದ ವಾರ್ಡಿನವರು ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದಾಗ, ಬಡ ಓಣಿಯ ಪರವಾಗಿ ಮಾತಾಡಿದ್ದು ಎಷ್ಟೋ ಸಲ ಆ ಆದೇಶದ ಪ್ರತಿಯೊಂದೇ. 2002ರ ಡಾ. ಡಿ.ಎಂ. ನಂಜುಂಡಪ್ಪ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು. ಹೆಚ್ಚಿನ ಪಾಲು ನಮ್ಮ ಕಡೆಯವೇ. ಸಂವಿಧಾನದ 371ಜೆ ವಿಧಿ ಬಂದದ್ದೂ ಈ ಅಸಮಾನತೆಯ ಕಾರಣಕ್ಕೆ. ಆದ್ದರಿಂದ ಅನುದಾನ ಕೇಳುವುದು ನಮ್ಮ ಹಕ್ಕು. ಖರ್ಚಿನ ಲೆಕ್ಕ ಕೇಳುವುದು ಸರ್ಕಾರದ ಹಕ್ಕು. ನನ್ನ ತಕರಾರು ಇರುವುದು, ಖರ್ಚಾದ ಮೇಲೆ ಬಿಗಿಯಾಗಿ ನೋಡಬೇಕಾದ ಲೆಕ್ಕವನ್ನು ಸಡಿಲ ಬಿಟ್ಟು, ಖರ್ಚಿಗೆ ಮೊದಲಿನ ಒಪ್ಪಿಗೆಯನ್ನೇ ಬಿಗಿ ಮಾಡುವ ಪದ್ಧತಿಯ ಬಗ್ಗೆ. ವರ್ಷಗಟ್ಟಲೆ ಹಳೆಯ ಆಡಿಟ್ ಪ್ಯಾರಾಗಳು ಹಾಗೇ ಬಿದ್ದಿರುತ್ತವೆ. ಸಣ್ಣ ರಿಪೇರಿಯ ಕಡತ ಮಾತ್ರ ಮೇಜಿಂದ ಮೇಜಿಗೆ ಅಲೆಯುತ್ತದೆ.

ಅಂಕೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು 2018ರ ನಂತರ ನೋಡಿದೆವು. ಆ ವರ್ಷದ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ, ನಮ್ಮ ಮೂರೂ ಊರು ಸೇರಿ, ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡು, ಗೆದ್ದವರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕೂತರು. 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿದಾಗಲೂ ಪಟ್ಟಿ ಬರುವುದು ಒಂದು ವರ್ಷಕ್ಕೂ ಮೀರಿ ತಡವಾಯಿತು. ಆ ಅವಧಿಯಲ್ಲಿ ನಡೆದದ್ದು ಆಡಳಿತಾಧಿಕಾರಿಯ ರಾಜ್ಯಭಾರ. ಕಡತಗಳು ಬೇಗ ಸಾಗಿದ್ದೂ ಉಂಟು. ಆದರೆ ‘ಈ ಓಣಿ ಬಿಟ್ಟು ಆ ಓಣಿ ಯಾಕೆ?’ ಎಂದು ಎದ್ದು ನಿಂತು ಕೇಳುವವರು ಇರಲಿಲ್ಲ.

ಸುರಪುರದ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. ರಾಜಾ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಪರಕೀಯರ ಪ್ರತಿನಿಧಿಯೇ ಆದರೂ ಕಂದಾಯ, ಲೆಕ್ಕ ಸರಿಪಡಿಸಿ, 1853ರಲ್ಲಿ ಅಧಿಕಾರವನ್ನು ರಾಜನ ಕೈಗೆ ಒಪ್ಪಿಸಿದ. ಮೇಲ್ವಿಚಾರಣೆಗೆ ಒಂದು ಕೊನೆ ದಿನಾಂಕ ಇರಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿಂದ.

ಇನ್ನು ನಮ್ಮ ಪಾಲಿನ ಕೆಲಸ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ – ಇವೇ ನಗರಸಭೆಯ ಸ್ವಂತ ದುಡಿಮೆ. ವೋಟು ಹೋಗುತ್ತದೆಂಬ ಭಯಕ್ಕೆ ಸದಸ್ಯರು ವಸೂಲಿಯ ಮಾತೇ ಎತ್ತುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಕರ ವಸೂಲಿಗಾರರ ಜೊತೆ ಕೆಲವು ಸದಸ್ಯರೇ ಮನೆಮನೆಗೆ ಹೋದ ವರ್ಷ ಜನ ಬೈಯಲಿಲ್ಲ. ರಸೀದಿ ಕೈಯಲ್ಲಿ ಹಿಡಿದು, ‘ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಅದಲ್ಲ, ಇದು ಎಲ್ಲಿಗಿ ಹೋಗ್ತದ?’ ಎಂದು ಕೇಳಿದರು. ರೊಕ್ಕ ಕಟ್ಟಿದವನು ಲೆಕ್ಕ ಕೇಳುತ್ತಾನೆ. ಆ ವರ್ಷದ ಬಜೆಟ್ ಪೂರ್ವಭಾವಿ ಸಭೆಗೆ ಜನ ತಾವಾಗಿಯೇ ಬಂದರು. ಅಂಥ ಪರಿಶೀಲನೆಯನ್ನು ಯಾವ ಇಲಾಖೆಯೂ ಮಾಡಲಾರದು.

ಹೊಸ ಸದಸ್ಯರೇ, ಮೊದಲ ಸಭೆಯಲ್ಲೇ ಮೂರು ಪ್ರಶ್ನೆ ಕೇಳಿ: ಸ್ವಂತ ನಿಧಿಯಲ್ಲಿ ಎಷ್ಟಿದೆ? ಯಾವ ಅನುದಾನ ಖರ್ಚಾಗದೆ ಯಾವ ಖಾತೆಯಲ್ಲಿದೆ? ಬಾಕಿ ಆಡಿಟ್ ಪ್ಯಾರಾ ಎಷ್ಟು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಸರ್ಕಾರವೂ ಮೀಸಲಾತಿ ಪಟ್ಟಿಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸಲಿ, ಮುಕ್ತನಿಧಿ ಹೆಚ್ಚಿಸಲಿ, ತುರ್ತು ರಿಪೇರಿಯ ನಿರ್ಧಾರವನ್ನು ಊರಿಗೇ ಬಿಡಲಿ. ನಾವು ನಮ್ಮ ಕರ ಕಟ್ಟಿ, ನಮ್ಮ ಲೆಕ್ಕ ತೆರೆದಿಟ್ಟು ಕೇಳಿದರೆ ಈ ಬೇಡಿಕೆಗೆ ಬಲ ಬರುತ್ತದೆ.