ಗಾಡಿ ಓಡಿಸುವಾಗ ಮೊಬೈಲ್: ಕಾನೂನು ಏನು ಹೇಳುತ್ತದೆ?

ನಮ್ಮ ಸ್ವಸಹಾಯ ಸಂಘಗಳ ಸಭೆಯಲ್ಲಿ ಕುಡಿದು ಗಾಡಿ ಓಡಿಸುವವರ ಮಾತು ಬಂದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ಮೊಬೈಲಿನಲ್ಲಿ ಮಾತಾಡುತ್ತಾ ಓಡಿಸುವವರ ಮಾತು ಬಂದರೆ ಮಾತ್ರ, "ಅದೆಲ್ಲ ಈಗ ಎಲ್ಲರೂ ಮಾಡ್ತಾರೆ ಸಿಸ್ಟರ್" ಎಂಬ ಉತ್ತರ. ಕಾನೂನು ಹಾಗೆ ನೋಡುವುದಿಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರ 184ನೇ ಕಲಂ ಪ್ರಕಾರ ಮೊಬೈಲ್ ಕೈಯಲ್ಲಿ ಹಿಡಿದು ಬಳಸುತ್ತಾ ವಾಹನ ಓಡಿಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಜೈಲು 2 ವರ್ಷದವರೆಗೆ, ದಂಡ 10,000 ರೂಪಾಯಿ. ಲೈಸೆನ್ಸ್ ಅಮಾನತಾಗುವುದೂ ಉಂಟು.

ಇಷ್ಟು ಕಠಿಣ ಯಾಕೆ? ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಯಾರ ಫೋನ್ ಎಂದು 3 ಸೆಕೆಂಡು ತಲೆ ತಗ್ಗಿಸಿದರೆ 33 ಮೀಟರ್, ಅಂದರೆ ಮೂರು ಬಸ್ಸುಗಳ ಉದ್ದದಷ್ಟು ದಾರಿಯನ್ನು ನೋಡದೆಯೇ ದಾಟಿದಂತೆ. ಶಾಲೆಯ ಮಗು ರಸ್ತೆಗೆ ಇಳಿಯಲು ಅಷ್ಟು ಸಾಕು. ಚಾಲಕ ಫೋನ್ ಬಳಸಿದರೆ ಅಪಘಾತದ ಸಂಭವ ಸುಮಾರು 4 ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವರು ಹೆಲ್ಮೆಟ್ಟಿನೊಳಗೆ ಮೊಬೈಲ್ ಸಿಕ್ಕಿಸಿಕೊಳ್ಳುತ್ತಾರೆ, ಕೆಲವರು ಇಯರ್‌ಫೋನ್ ಹಾಕುತ್ತಾರೆ. ಕೈ ಖಾಲಿ, ಸರಿ. ಆದರೆ ಮನಸ್ಸು ಸಾಲದ ಕಂತಿನ ಮಾತಿನಲ್ಲಿದ್ದರೆ ಕಣ್ಣು ತೆರೆದಿದ್ದೂ ಎದುರಿನ ಲಾರಿ ಕಾಣುವುದಿಲ್ಲ.

ಇಲ್ಲಿ ಹೆಂಗಸರಾದ ನಮಗೂ ಒಂದು ಮಾತು. ಫೋನ್ ತೆಗೆದವನನ್ನು ಬೈಯುತ್ತೇವೆ, ಮಾಡಿದವರು ಯಾರು? "ರೀ, ಎಲ್ಲಿದ್ದೀರಿ, ಎಷ್ಟೊತ್ತಿಗೆ ಬರ್ತೀರಿ?" ಎಂದು ಮನೆಯಿಂದಲೇ ಹತ್ತು ಸಲ ಫೋನ್ ಹೋಗುತ್ತದೆ. ಎತ್ತದಿದ್ದರೆ ಜಗಳ ಬೇರೆ. ದಾರಿಯಲ್ಲಿದ್ದಾರೆಂದು ಗೊತ್ತಾದ ಕೂಡಲೇ "ನಿಲ್ಲಿಸಿ ಮಾತಾಡಿ" ಎಂದು ಫೋನ್ ಇಡುವ ಅಭ್ಯಾಸ ನಮಗೆ ಬರಬೇಕು.

ನಿರ್ಲಕ್ಷ್ಯದ ಚಾಲನೆಯಿಂದ ಯಾರಾದರೂ ಸತ್ತರೆ ವಿಷಯವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ ದಂಡ ಸಂಹಿತೆಯಲ್ಲಿ ಇದು 2 ವರ್ಷದವರೆಗೆ ಇತ್ತು. ವಿಮೆ ಇದ್ದರೆ ಸತ್ತವರ ಮನೆಯವರಿಗೆ ವಿಮಾ ಕಂಪನಿ ಪರಿಹಾರ ಕೊಡುತ್ತದೆ, ಆದರೆ ನಿಮ್ಮ ಬದಲು ಜೈಲಿಗೆ ಹೋಗುವುದಿಲ್ಲ. ವಿಮೆಯ ಅವಧಿ ಮುಗಿದಿದ್ದರೆ ಪರಿಹಾರದ ಹಣ ಗಾಡಿಯ ಮಾಲೀಕರ ತಲೆಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಓಡಿಸುವವನು ಮಗ, ಗಾಡಿ ಇರುವುದು ಅಮ್ಮನ ಹೆಸರಿನಲ್ಲಿ! ಮಗನಿಗೆ 18 ತುಂಬಿಲ್ಲದಿದ್ದರೆ, ಅವನು ಮಾಡಿದ ತಪ್ಪಿಗೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಾಗಬಹುದು.

ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ. ಗಂಡನನ್ನೋ ಮಗನನ್ನೋ ಕಳೆದುಕೊಂಡ ತಾಯಂದಿರು ದಲ್ಲಾಳಿಗಳ ಕೈಗೆ ಸಿಕ್ಕಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿರುವ ಗಾಡಿಯ ಆರ್.ಸಿ. ಮತ್ತು ವಿಮೆಯ ಕಾಗದ ತನ್ನಿ. ಯಾರ ಹೆಸರಲ್ಲಿದೆ, ತಾರೀಖು ಮುಗಿದಿದೆಯಾ ಎಂದು ಒಟ್ಟಿಗೆ ಕೂತು ನೋಡೋಣ.