ಅಡುಗೆಮನೆಯ ಸಿಂಕು ಕಟ್ಟಿಕೊಂಡಾಗ

ಹಿಂದೆ ಹಳ್ಳಿಯ ಮನೆಗಳಲ್ಲಿ ಮುಸುರೆ ಪಾತ್ರೆಗಳನ್ನು ಹಿತ್ತಲಿನ ಕಲ್ಲಿನ ಮೇಲೆ ತೊಳೆಯುತ್ತಿದ್ದರು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅಗುಳು ಇವೆಲ್ಲ ಕೊಟ್ಟಿಗೆಯ ಕಲಗಚ್ಚಿನ ಬಾನಿಗೆ ಸೇರುತ್ತಿದ್ದವು. ಉಳಿದ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಈಗ ಅನೇಕ ರೈತರ ಮನೆಗಳಲ್ಲಿ ಅಡುಗೆಮನೆಯೊಳಗೇ ನಲ್ಲಿ ಮತ್ತು ಸಿಂಕು ಬಂದಿವೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇದೆ. ನೀರು ಒಳಗೆ ಬರುವ ವ್ಯವಸ್ಥೆಗೆ ಕೊಟ್ಟಷ್ಟು ಗಮನವನ್ನು ಅದು ಹೊರಗೆ ಹೋಗುವ ವ್ಯವಸ್ಥೆಗೆ ಕೊಟ್ಟಿರುವುದು ಕಡಿಮೆ. ಹಸುವಿಲ್ಲದ ಮನೆಯಲ್ಲಿ ಕಲಗಚ್ಚಿನ ಬಾನಿಯೂ ಇಲ್ಲ. ಬಾನಿಯ ಪಾಲೆಲ್ಲ ಸಿಂಕಿನ ಪಾಲಾಗಿದೆ. ಸಿಂಕಿನ ಕೆಳಗಿನ ಕೊಳವೆಯಾದರೋ ಸಾಮಾನ್ಯವಾಗಿ 32 ರಿಂದ 40 ಮಿ.ಮೀ. ಅಗಲದ್ದು. ಅದು ಕಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಕಟ್ಟುವುದು ಏಕೆ?

ಮೊದಲ ಕಾರಣ ಜಿಡ್ಡು. ಬಿಸಿ ಸಾರಿನ ಒಗ್ಗರಣೆ, ತುಪ್ಪ, ವನಸ್ಪತಿ ಇವು ಸಿಂಕಿಗೆ ಬೀಳುವಾಗ ನೀರಿನಂತೆಯೇ ಹರಿಯುತ್ತವೆ. ಕೊಳವೆಯೊಳಗೆ ತಣ್ಣಗಾದೊಡನೆ ಗೋಡೆಗೆ ಅಂಟಿಕೊಳ್ಳುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆದುದರಿಂದ ಕೊಬ್ಬರಿ ಎಣ್ಣೆ ಬಳಸುವ ಮನೆಗಳಲ್ಲಿ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಹೊತ್ತು ಈ ತೊಂದರೆ ಹೆಚ್ಚು. ಕೊಳವೆಬಾವಿಯ ನೀರು ಗಡಸಾಗಿದ್ದರೆ, ಅದರಲ್ಲಿನ ಸುಣ್ಣದ ಅಂಶವು ಸಾಬೂನು ಹಾಗೂ ಜಿಡ್ಡಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಮೊಸರಿನಂಥ ವಸ್ತುವಾಗುತ್ತದೆ. ಇದು ಬರಿಯ ಜಿಡ್ಡಿಗಿಂತ ಗಟ್ಟಿ.

ಈ ಅಂಟಿನ ಮೇಲೆ ಅನ್ನದ ಅಗುಳು, ಕಾಫಿ ಗಸಿ, ತುರಿದ ಕಾಯಿ, ಕರಿಬೇವಿನ ಕಡ್ಡಿ, ಪಾತ್ರೆ ಉಜ್ಜುವ ತೆಂಗಿನ ನಾರು, ಬೂದಿ ಒಂದೊಂದಾಗಿ ಕೂರುತ್ತವೆ. ರಾಗಿ ಮುದ್ದೆ ಮಾಡಿದ ಪಾತ್ರೆಯ ತಳ ನೆನೆಸಿ ತೆಗೆದ ಸೀಕು ಇವೆಲ್ಲವನ್ನೂ ಸೇರಿಸುವ ಗಾರೆಯಂತೆ ಕೆಲಸ ಮಾಡುತ್ತದೆ. ಸಿಂಕಿನ ಕೆಳಗೆ ಉಂಗುರ ಉಂಗುರವಾಗಿ ಮಡಿಕೆಗಳಿರುವ ಅಗ್ಗದ ಬಳುಕುವ ಕೊಳವೆ ಹಾಕಿದ್ದರೆ ಪ್ರತಿ ಮಡಿಕೆಯಲ್ಲೂ ಇದು ಶೇಖರವಾಗುತ್ತದೆ. ಒಳಮೈ ನುಣುಪಾದ ಕೊಳವೆಯೇ ಮೇಲು.

ಬಿಡಿಸುವ ಮೊದಲು

ಯಾವ ಕೆಲಸಕ್ಕೂ ಮೊದಲು ಮನೆಯವರೆಲ್ಲರನ್ನೂ ಒಂದು ಪ್ರಶ್ನೆ ಕೇಳಬೇಕು: ಸಿಂಕಿಗೆ ಯಾರಾದರೂ ಕಾಸ್ಟಿಕ್ ಸೋಡಾ, ಆಸಿಡ್ ಅಥವಾ ಪೊಟ್ಟಣದ ಪುಡಿ ಹಾಕಿದ್ದಾರೆಯೇ? ಹಾಕಿದ್ದರೆ ಸಿಂಕಿನಲ್ಲಿ ನಿಂತಿರುವುದು ನೀರಲ್ಲ, ಚರ್ಮ ಮತ್ತು ಕಣ್ಣನ್ನು ಸುಡುವ ದ್ರಾವಣ. ಅದನ್ನು ಒತ್ತಿ ಚಿಮ್ಮಿಸುವುದಾಗಲಿ, ಕೆಳಗೆ ಕುಳಿತು ಕೊಳವೆ ಬಿಚ್ಚುವುದಾಗಲಿ ಮಾಡಬಾರದು. ಕೊಳಾಯಿ ಕೆಲಸದವರಿಗೆ ಹೇಳಿಕಳುಹಿಸಿ, ಏನು ಹಾಕಿದೆ ಎಂಬುದನ್ನು ಬಂದವರಿಗೆ ಮುಂಚಿತವಾಗಿಯೇ ತಿಳಿಸಬೇಕು. ಹಾಕಿದವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು ಆದಾಗಲೇ ಅಪಾಯ ಹೆಚ್ಚು.

ಏನೂ ಹಾಕಿಲ್ಲವೆಂದು ಖಚಿತವಾದ ಮೇಲೆ ಅಡಚಣೆ ಎಲ್ಲಿದೆಯೆಂದು ನೋಡಬೇಕು. ಬಚ್ಚಲಿನ ನೀರೂ ಅದೇ ಮಾರ್ಗದಲ್ಲಿ ಹೊರಹೋಗುತ್ತಿದ್ದು, ಅದೂ ನಿಂತಿದ್ದರೆ ದೋಷ ಹೊರಗಿನ ಕೊಳವೆ ಅಥವಾ ಗುಂಡಿಯಲ್ಲಿದೆ. ಸಿಂಕು ಮಾತ್ರ ನಿಂತಿದ್ದರೆ ಅದರ ಕೆಳಗಿನ ಬಾಗಿದ ಭಾಗದಲ್ಲಿ, ಅಂದರೆ ಟ್ರ್ಯಾಪಿನಲ್ಲಿ ಕಟ್ಟಿರುವುದೇ ಸಾಮಾನ್ಯ.

ಬಿಡಿಸುವ ಕ್ರಮ

ನಿಂತ ನೀರನ್ನು ಚೊಂಬಿನಿಂದ ಬಕೆಟ್ಟಿಗೆ ತೋಡಿ, ಸಿಂಕಿನ ತಳದಲ್ಲಿ ನಾಲ್ಕು ಬೆರಳಿನಷ್ಟು ಮಾತ್ರ ಉಳಿಸಬೇಕು. ಮೇಲ್ಭಾಗದಲ್ಲಿ ಹೆಚ್ಚುವರಿ ನೀರು ಹೋಗುವ ರಂಧ್ರವಿದ್ದರೆ ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚತಕ್ಕದ್ದು. ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲಿಂದ ಹೊರಟುಹೋಗುತ್ತದೆ. ಬಹಳ ಮಂದಿ ಸೋಲುವುದು ಇಲ್ಲಿಯೇ. ಅನಂತರ ಹಿಡಿಯುಳ್ಳ ರಬ್ಬರ್ ಬಟ್ಟಲನ್ನು ರಂಧ್ರದ ಮೇಲೆ ಕೂರಿಸಿ 10 ರಿಂದ 15 ಬಾರಿ ಒತ್ತಿ ಎಳೆಯಬೇಕು. ಒತ್ತುವುದಕ್ಕಿಂತ ಎಳೆಯುವುದು ಮುಖ್ಯ; ಅಡಚಣೆ ಹಿಂದೆ ಮುಂದೆ ಅಲುಗಾಡಿ ಒಡೆಯುತ್ತದೆ. ಸೈಕಲ್ ಪಂಪು, ಸಿಂಪರಣಾ ಯಂತ್ರ ಅಥವಾ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದುವ ಪ್ರಯೋಗ ಬೇಡ. ಜೋಡಣೆಗಳು ಬಿಟ್ಟುಹೋಗುತ್ತವೆ, ಸಿಂಪರಣಾ ಯಂತ್ರದ ಕೀಟನಾಶಕದ ಶೇಷವೂ ಅಡುಗೆಮನೆಗೆ ಬರುತ್ತದೆ.

ಇದರಿಂದ ಆಗದಿದ್ದರೆ ಟ್ರ್ಯಾಪನ್ನು ಬಿಚ್ಚಬಹುದು. ಕೆಳಗೆ ಬಕೆಟ್ಟು ಇಟ್ಟು, ಪ್ಲಾಸ್ಟಿಕ್ ತಿರುಪನ್ನು ಕೈಯಿಂದಲೇ ಎಡಕ್ಕೆ ತಿರುಗಿಸಿದರೆ ಬರುತ್ತದೆ. ರಬ್ಬರ್ ವಾಷರುಗಳು ಇದ್ದ ಕ್ರಮ ಮತ್ತು ಮುಖವನ್ನು ಗಮನಿಸಿಟ್ಟುಕೊಳ್ಳಬೇಕು. ಟ್ರ್ಯಾಪನ್ನು ಹೊರಗೆ ಒಯ್ದು ಕಡ್ಡಿಯಿಂದ ಕೆರೆದು ತೊಳೆಯಬೇಕು. ಬಿಚ್ಚಿದ್ದನ್ನು ಮರೆತು ಅದೇ ಸಿಂಕಿನಲ್ಲಿ ತೊಳೆದು ಕಾಲಿನ ಮೇಲೆ ನೀರು ಸುರಿದುಕೊಂಡವರು ಬಹಳ. ಟ್ರ್ಯಾಪು ಶುದ್ಧವಿದ್ದರೆ ಅಡಚಣೆ ಗೋಡೆಯೊಳಗಿನ ಕೊಳವೆಯಲ್ಲಿದೆ. ಅದಕ್ಕೆ ಹಳೆಯ ಸೈಕಲ್ ಬ್ರೇಕಿನ ಅಥವಾ ಮೋಟಾರ್ ಸೈಕಲ್ಲಿನ ಕ್ಲಚ್ಚಿನ ಒಳತಂತಿ ಒಳ್ಳೆಯ ಸಾಧನ. ತುದಿಯ ಎಳೆಗಳನ್ನು ಸ್ವಲ್ಪ ಬಿಡಿಸಿ, ತಿರುವುತ್ತ ಒಳಗೆ ತಳ್ಳಿ ಎಳೆದರೆ ನಾರು, ಕಡ್ಡಿಗಳು ಅದಕ್ಕೆ ಸಿಕ್ಕಿ ಬರುತ್ತವೆ. ತಂತಿಯ ಎಳೆಗಳು ಚುಚ್ಚುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು.

ಬಾಗಿದ ಟ್ರ್ಯಾಪೇ ತೊಂದರೆಯ ಮೂಲವೆಂದು ಅದನ್ನು ತೆಗೆದು ನೇರ ಕೊಳವೆ ಹಾಕಿಸುವವರುಂಟು. ಇದು ತಪ್ಪು. ಬಾಗಿನಲ್ಲಿ ನಿಲ್ಲುವ ನೀರೇ ಗುಂಡಿಯ ದುರ್ವಾಸನೆ ಮತ್ತು ಜಿರಳೆ ಮೇಲೆ ಬಾರದಂತೆ ತಡೆಯುವ ಬಾಗಿಲು.

ನೀರು ಹರಿಯತೊಡಗಿದ ಮೇಲೆ ಐದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಬಟ್ಟೆ ಒಗೆಯುವ ಸೋಡಾ ಕರಗಿಸಿ ನಿಧಾನವಾಗಿ ಹುಯ್ಯಬಹುದು. ಉಳಿದ ಜಿಡ್ಡು ಸಡಿಲಗೊಳ್ಳುತ್ತದೆ. ಕುದಿಯುವ ನೀರು ಬೇಡ, ಪಿ.ವಿ.ಸಿ. ಕೊಳವೆ ಸುಮಾರು 80 ಡಿಗ್ರಿಯಲ್ಲಿ ಮೆದುವಾಗುತ್ತದೆ. ಅಕ್ಕಿ ಅಥವಾ ರಾಗಿಯ ಹಿಟ್ಟಿನಿಂದ ಕಟ್ಟಿದ್ದರೆ ಬಿಸಿನೀರು ಅದನ್ನು ಬೇಯಿಸಿ ಅಂಟು ಮಾಡುತ್ತದೆ, ಅಲ್ಲಿ ತಣ್ಣೀರೇ ಸರಿ. ಅಡುಗೆ ಸೋಡಾ ಮತ್ತು ವಿನೆಗರ್ ಸುರಿಯುವ ಪದ್ಧತಿ ಬಹಳ ಪ್ರಚಾರದಲ್ಲಿದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆಯುವುದರಿಂದ ಜಿಡ್ಡು ಇದ್ದಲ್ಲೇ ಇರುತ್ತದೆ.

ಕಾಸ್ಟಿಕ್ ಸೋಡಾ ಜಿಡ್ಡನ್ನು ಸಾಬೂನಾಗಿ ಮಾಡುತ್ತದೆಂಬುದು ನಿಜ. ಆದರೆ ಅದು ನೀರಿನೊಡನೆ ಸೇರಿದಾಗ ಬಹಳ ಶಾಖ ಹುಟ್ಟಿ ಚಿಮ್ಮುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ತಿಂದು ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಬಿಳಿಯ ಚಕ್ಕೆಗಳಾದುದರಿಂದ ಮಕ್ಕಳು ತಿನ್ನುವ ವಸ್ತುವೆಂದು ಭ್ರಮಿಸುತ್ತಾರೆ. ಮನೆಯಲ್ಲಿ ಅದನ್ನು ಇಡದಿರುವುದೇ ಒಳ್ಳೆಯದು. ಕಣ್ಣಿಗೆ ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮೊದಲು ತೊಳೆಯುವುದು, ಆಮೇಲೆ ವಾಹನ ಹುಡುಕುವುದು. ನುಂಗಿದ್ದರೆ ವಾಂತಿ ಮಾಡಿಸಬಾರದು. ಒಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ಶೌಚಾಲಯದ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹೊರಗಿನ ವ್ಯವಸ್ಥೆ

ಸಿಂಕು ಪದೇ ಪದೇ ಕಟ್ಟುತ್ತಿದ್ದರೆ ಕೊಳವೆಯ ಇಳಿಜಾರು ಪರೀಕ್ಷಿಸಬೇಕು. ಮೀಟರಿಗೆ 2 ರಿಂದ 2.5 ಸೆಂ.ಮೀ. ಇಳಿಜಾರು ಬೇಕು. ಇಂಗುಗುಂಡಿಗೆ ಮುನ್ನ ಒಂದು ಸಣ್ಣ ಇಟ್ಟಿಗೆಯ ತೊಟ್ಟಿ ಕಟ್ಟಿ, ಹೊರಹೋಗುವ ಕೊಳವೆಯ ಬಾಯಿಯನ್ನು ನೀರಿನ ಮಟ್ಟದಿಂದ ಕೆಳಕ್ಕೆ ಬಾಗಿಸಿದರೆ ಜಿಡ್ಡು ಮೇಲೆ ತೇಲಿ ಅಲ್ಲಿಯೇ ಉಳಿಯುತ್ತದೆ. ಇದನ್ನು ವಾರಕ್ಕೊಮ್ಮೆ ತೆಗೆದು ತಿಪ್ಪೆಯಲ್ಲಿ ಮುಚ್ಚಬೇಕು. ಈ ತೊಟ್ಟಿಯಿಲ್ಲದಿದ್ದರೆ ಜಿಡ್ಡು ಮಣ್ಣಿನ ರಂಧ್ರಗಳನ್ನು ಮುಚ್ಚಿ, ಒಂದು ಮೀಟರ್ ಉದ್ದ, ಅಗಲ, ಆಳದ ಇಂಗುಗುಂಡಿ ಕೆಲವೇ ಕಾಲದಲ್ಲಿ ನಿರುಪಯುಕ್ತವಾಗುತ್ತದೆ. ಆಗ ನಿಲ್ಲುವ ಕೊಳಚೆಯಲ್ಲಿ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುತ್ತದೆ. ತೊಟ್ಟಿಗೆ ಬಿಗಿಯಾದ ಮುಚ್ಚಳ ಇರಬೇಕು.

ಉತ್ತರದ ಎರೆಮಣ್ಣಿನ ಪ್ರದೇಶದಲ್ಲಿ ಗುಂಡಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಅಲ್ಲಿ ತೊಟ್ಟಿಯಿಂದ ಬಂದ ನೀರನ್ನು ಸಣ್ಣ ಕಾಲುವೆಯ ಮೂಲಕ ಬಾಳೆ, ತೆಂಗಿನ ಸಾಲಿಗೆ ಎರಡು ದಿನಕ್ಕೊಮ್ಮೆ ಮಡಿ ಬದಲಿಸಿ ಬಿಡುವುದು ಮೇಲು. ಸೋಡಾ ಹಾಕಿದ ದಿನದ ನೀರನ್ನು ಮಾತ್ರ ಗಿಡಗಳಿಗೆ ಬಿಡಬಾರದು.