ಮೊದಲು ಸಂಜೆಗಳನ್ನು ಬಿಡಿಸಿಕೊಳ್ಳಿ

ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆಗಿಂತ ದಣಿವೇ ಹೆಚ್ಚು ಕಾಣಿಸಿತು, ತಾಯಿ. ಇಬ್ಬರ ಸಂಬಳ ಬಂದರೂ ತಿಂಗಳ ಇಪ್ಪತ್ತರ ಹೊತ್ತಿಗೆ ಕೈ ಖಾಲಿ. ಮಕ್ಕಳು ಅಬಾಕಸ್‌ನಿಂದ ಕೀಬೋರ್ಡ್ ಕ್ಲಾಸಿಗೆ, ಅಲ್ಲಿಂದ ಟ್ಯೂಷನ್ನಿಗೆ ಓಡುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಉಂಡು ಎಷ್ಟು ದಿನವಾಯಿತೋ ಎಂದಿದ್ದೀರಿ. ಬೇಡದ ಸಾಮಾನು ತೆಗೆದು ಬೀರು ಖಾಲಿ ಮಾಡುವ ಕೆಲಸ ಆಮೇಲಾಗಲಿ. ಮಕ್ಕಳನ್ನೇ ಕೇಳಿ, ಯಾವ ಕ್ಲಾಸು ನಿಜಕ್ಕೂ ಇಷ್ಟ ಅಂತ. ಅದೊಂದು ಉಳಿಯಲಿ. ಪಕ್ಕದ ಮನೆಯವರು ಏನಂದಾರು ಎಂಬ ಅಳುಕು ಕೆಲವು ವಾರ ಕಾಡುತ್ತದೆ, ತಡೆದುಕೊಳ್ಳಿ.

ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಮಾತ್ರ ತಡ ಬೇಡ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಬಾಕಿಗೆ ತಿಂಗಳಿಗೆ ಶೇ 3ಕ್ಕೂ ಹೆಚ್ಚು ಬಡ್ಡಿ ಬೀಳುವುದುಂಟು. ವರ್ಷದ ಲೆಕ್ಕದಲ್ಲಿ ಅದು ಶೇ 36 ದಾಟುತ್ತದೆ. ಬ್ಯಾಂಕಿನ ಆರ್‌ಡಿಗೆ ಸಿಗುವ ಬಡ್ಡಿ ಇದರ ಕಾಲು ಭಾಗವೂ ಅಲ್ಲ. ಆರ್‌ಡಿ ಮುರಿಸಿಯಾದರೂ ಈ ಬಾಕಿ ತೀರಿಸಿ. ಅಲ್ಲಿಯವರೆಗೆ ಹೊಸ ಕಂತು ಬೇಡ, ನೀವು ಬರೆದ ಆ ದೊಡ್ಡ ಟಿವಿಯೂ ಬೇಡ.

ಅತ್ತೆಯವರು ಜಿಪುಣತನ ಅನ್ನುತ್ತಾರೇನೋ ಎಂಬ ಭಯವೇ? ಲೆಕ್ಕದ ಪುಸ್ತಕವನ್ನು ಅವರ ಮುಂದೆಯೇ ತೆರೆಯಿರಿ. ಒಂದೇ ಸಂಬಳದಲ್ಲಿ ಮನೆ ನಡೆಸಿದವರು ಅವರು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಅವರಿಗೆ ಗೊತ್ತು. ಯಜಮಾನರ ಜತೆ ಮಾತಾಡುವಾಗ ತಪ್ಪು ಯಾರದೆಂದು ಹುಡುಕಬೇಡಿ, ಕಾರ್ಡು ಬಳಸಿದ್ದು ಇಬ್ಬರೂ.